ಬಯಲುಗಾಳಿಗೆ ಬಾಡದ ಮುಖ

ಧಾರವಾಡದಲ್ಲಿ ಜನಿಸಿದ ಲೀಲಾ ಚಿಟ್ನಿಸ್ ಅವರು 1941ರಲ್ಲಿ ಲಕ್ಸ್ ಸಾಬೂನಿನ ಜಾಹೀರಾತಿನಲ್ಲಿ ಕಾಣಿಸಿಕೊಂಡ ಮೊದಲ ಭಾರತೀಯ ಚಿತ್ರತಾರೆಯಾದಂದಿನಿಂದ, ನಟಿಯರ ಕಾಂತಿಯೆಲ್ಲವೂ ಅಂಗಡಿಯ ಪೊಟ್ಟಣದಲ್ಲಿ ಅಡಗಿದೆಯೆಂಬ ಭ್ರಾಂತಿಯು ಹಲವರಲ್ಲಿ ಬೇರೂರಿದೆ. ಆದರೆ ದಿನವಿಡೀ ದೀಪಗಳ ಪ್ರಖರ ತಾಪದಲ್ಲಿ ದಪ್ಪನೆಯ ಬಣ್ಣ ಹಚ್ಚಿ ನಿಲ್ಲಬೇಕಾದ ಕಲಾವಿದೆಯರು ಪಾಲಿಸತಕ್ಕ ನಿಜವಾದ ವ್ರತವೆಂದರೆ, ಎಷ್ಟೇ ದಣಿದಿರಲಿ, ಕೊಬ್ಬರಿ ಎಣ್ಣೆಯಿಂದ ಆ ಬಣ್ಣವನ್ನು ಮೃದುವಾಗಿ ತೆಗೆದು, ಮುಖವನ್ನು ತೊಳೆದ ಮೇಲೆಯೇ ನಿದ್ರೆಗೆ ತೆರಳುವುದು.

ಕುದಾಪುರದ ಸಹೋದರಿಯರೇ, ನಿಮಗೂ ಅಂಥದೇ ಸರಳ ಆರೈಕೆ ಸಾಕು: ನೆರಳು ವಿರಳವಾದ ಅಮೃತಮಹಲ್ ಕಾವಲಿನ ಬಯಲಿನಲ್ಲಿ ಬೀಸುವ ಒಣಗಾಳಿಯೂ, ಚಳ್ಳಕೆರೆ ಸೀಮೆಯ ಬಿಸಿಲೂ ಚರ್ಮದ ತೇವವನ್ನು ಹೀರುವುದರಿಂದ, ಸ್ನಾನಾನಂತರ ಮೈ ಇನ್ನೂ ಹಸಿಯಾಗಿರುವಾಗಲೇ ಕೈಕಾಲುಗಳಿಗೆ ತೆಳುವಾಗಿ ಎಣ್ಣೆ ಸವರಿ, ಹೊಲಕ್ಕೆ ಹೊರಡುವಾಗ ಸೆರಗನ್ನು ತಲೆಯ ಮೇಲೆ ಹೊದೆಯಿರಿ. ಕಡಲೆಹಿಟ್ಟು ಹಚ್ಚಿ ತೊಳೆಯುವುದು ವಾರಕ್ಕೊಮ್ಮೆ ಸಾಕು. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋಗುವುದಂತೂ ಕೂಡದು. ಚರ್ಮ ಸುಟ್ಟು ಕಲೆ ಉಳಿದೀತು. ಬಿಳುಪಿನ ಆಸೆ ತೋರಿಸಿ ಮಾರುವ ಕೆಲವು ಲೇಪನಗಳಲ್ಲಿ ಪಾದರಸವಿರುವುದುಂಟು, ಅದು ಮೂತ್ರಪಿಂಡಗಳಿಗೇ ಮುಳುವಾಗತಕ್ಕ ವಸ್ತು. ಕಪ್ಪು ಮೈಬಣ್ಣವು ವ್ಯಾಧಿಯಲ್ಲ. ದಯವಿಟ್ಟು ಅಂಥ ಡಬ್ಬಿಗಳನ್ನು ಮನೆಯೊಳಗೆ ತರಬೇಡಿ.