ಸೈನ್ಯದ ಸಂಖ್ಯೆ, ದಾರಿಯ ಉದ್ದ: ಡೆಲ್‌ಬ್ರೂಕರ ಯುದ್ಧಚರಿತ್ರೆ

ಯುದ್ಧದ ಚರಿತ್ರೆ ಸೇನಾಧಿಕಾರಿಗಳ ಸೊತ್ತು ಎಂಬ ಭಾವನೆ ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿ ಬಲವಾಗಿತ್ತು. ವಿದ್ವಾಂಸರಿಗೂ ಆ ವಿಷಯ ಅಷ್ಟಾಗಿ ರುಚಿಸುತ್ತಿರಲಿಲ್ಲ. ಇಂತಹ ವಾತಾವರಣದಲ್ಲಿ ಬರ್ಲಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹಾನ್ಸ್ ಡೆಲ್‌ಬ್ರೂಕ್ (1848-1929) ಯುದ್ಧಕಲೆಯ ಚರಿತ್ರೆಯನ್ನು ನಾಲ್ಕು ಸಂಪುಟಗಳಲ್ಲಿ (1900-1920) ಬರೆದರು. 1870ರಲ್ಲಿ ಫ್ರಾನ್ಸಿನ ವಿರುದ್ಧ ತಾವೇ ಹೋರಾಡಿದ್ದರೂ ಸೇನಾ ಇತಿಹಾಸಕಾರರ ಪಾಲಿಗೆ ಅವರು ಹೊರಗಿನವರಾಗಿಯೇ ಉಳಿದರು.

ಅವರ ವಿಧಾನವನ್ನು ವಸ್ತುವಿಮರ್ಶೆ ಎನ್ನಬಹುದು. ಗ್ರಂಥ ಹೇಳಿದ್ದು ನೆಲದ ಮೇಲೆ ನಡೆಯಲು ಸಾಧ್ಯವೇ ಎಂಬುದೇ ಅದರ ಪ್ರಶ್ನೆ. ಹೆರೊಡೋಟಸನನ್ನು ಆಧರಿಸಿ ಅವರು ಪರ್ಷಿಯದ ಸೈನ್ಯವನ್ನು ಪರಿವಾರಸಹಿತ 42 ಲಕ್ಷವೆಂದು ಹಿಡಿದರು. 30,000 ಜನರ ಜರ್ಮನ್ ದಳ ಸಾಲಾಗಿ ನಡೆದರೆ ಸುಮಾರು 22 ಕಿಲೋಮೀಟರು ದಾರಿ ಹಿಡಿಯುತ್ತದೆ. ಈ ಲೆಕ್ಕದಲ್ಲಿ ಮುಂಚೂಣಿ ಥರ್ಮೊಪಿಲೆಗೆ ತಲುಪುವಾಗ ಕೊನೆಯ ಸಾಲು ಇನ್ನೂ ಸೂಸಾ ನಗರದಿಂದ ಹೊರಡುತ್ತಿರಬೇಕು!

ಡೆಲ್‌ಬ್ರೂಕರ ಮೊದಲ ಸಂಪುಟ ಬಂದ 1900ರಲ್ಲೇ ರಾಬರ್ಟ್ ಸೂವೆಲರ ವಿಜಯನಗರ ಚರಿತ್ರೆಯೂ ಪ್ರಕಟವಾಯಿತು. ಅದರಲ್ಲಿ ಪೋರ್ಚುಗೀಸ್ ಲೇಖಕ ನೂನಿಜನ ವೃತ್ತಾಂತದ ಅನುವಾದವಿದೆ. 1520ರ ರಾಯಚೂರು ದಂಡಯಾತ್ರೆಗೆ ಕೃಷ್ಣದೇವರಾಯನ ಕಾಲಾಳುಗಳು 7,03,000, ಕುದುರೆಗಳು 32,600, ಆನೆಗಳು 551 ಎಂದು ನೂನಿಜ್ ಬರೆಯುತ್ತಾನೆ. ಕಾಲಾಳುಗಳ ಸಾಲೊಂದೇ 500 ಕಿಲೋಮೀಟರನ್ನು ಮೀರುತ್ತದೆ. ಹಂಪಿಯಿಂದ ರಾಯಚೂರಿಗೆ 200 ಕಿಲೋಮೀಟರೂ ಇಲ್ಲ. ನಮ್ಮ ಅಭಿಮಾನಕ್ಕೆ ಈ ಲೆಕ್ಕ ಹಿತವೆನಿಸದು. ಪಠ್ಯಗಳಲ್ಲಿ ಈ ಅಂಕಿಗಳನ್ನು ಹಾಗೆಯೇ ಎತ್ತಿ ಬರೆಯುವ ರೂಢಿ ಇನ್ನೂ ತಪ್ಪಿಲ್ಲ.

ಆದರೆ ಡೆಲ್‌ಬ್ರೂಕರ ಅಳತೆಗೋಲನ್ನೂ ಕಣ್ಣು ಮುಚ್ಚಿ ಒಪ್ಪುವಂತಿಲ್ಲ. ಜರ್ಮನ್ ದಳ ಒಂದೇ ರಸ್ತೆಯಲ್ಲಿ ಶಿಸ್ತಿನ ಸಾಲಾಗಿ ನಡೆಯುವಂಥದು. ವಿಜಯನಗರದ ಸೈನ್ಯವಾದರೋ ನಾಯಕರ ಕೈಕೆಳಗಿನ ಪಡೆಗಳಾಗಿ ಒಡೆದು, ಒಂದೊಂದಾಗಿ ಹೊರಟಿತೆಂದು ನೂನಿಜನೇ ವಿವರಿಸಿದ್ದಾನೆ. ಹೀಗಾಗಿ ಈ ಲೆಕ್ಕದಿಂದ ನಿಜವಾದ ಸಂಖ್ಯೆ ದೊರೆಯುವುದಿಲ್ಲ. ಹೇಳಿದ ಸಂಖ್ಯೆ ಎಷ್ಟು ಸಂಶಯಾಸ್ಪದವೆಂಬುದಷ್ಟೇ ತಿಳಿಯುತ್ತದೆ.

ನನ್ನ ಮಟ್ಟಿಗೆ ನೂನಿಜನ ವೃತ್ತಾಂತದಲ್ಲಿ ಹೆಚ್ಚು ಬೆಲೆಯುಳ್ಳದ್ದು ಬೇರೊಂದು ವಿವರ. ದಾರಿಯುದ್ದಕ್ಕೂ ಬಾಯಾರಿದವರಿಗೆ ನೀರು ಕೊಡಲು ತೊಗಲಿನ ಚೀಲ ಹೊತ್ತ 12,000 ಜನರಿದ್ದರೆಂದು ಅವನು ಹೇಳುತ್ತಾನೆ. ಈ ಅಂಕಿಯನ್ನೂ ಅದೇ ಪರೀಕ್ಷೆಗೆ ಒಡ್ಡಬೇಕಾದೀತು. ಆದರೆ ಮೇ ತಿಂಗಳ ಬಿಸಿಲಿನಲ್ಲಿ ನಡೆದ ಆ ದಂಡಯಾತ್ರೆಯಲ್ಲಿ ನೀರಿಗಾಗಿಯೇ ಪ್ರತ್ಯೇಕ ಏರ್ಪಾಡಿತ್ತೆಂಬ ಸಂಗತಿ ಆ ಪರೀಕ್ಷೆಯಲ್ಲಿ ಅಳಿಯುವಂಥದಲ್ಲ.