ಹಾವಿನ ಮರಿ ಊಟ ಮುಟ್ಟುತ್ತಿಲ್ಲವೇ? ಮೊದಲು ಪೆಟ್ಟಿಗೆ ನೋಡಿ

ಬಾಲ್ ಪೈಥಾನ್ ಮರಿ ಮನೆಗೆ ಬಂದು ಎರಡು ವಾರ ಕಳೆದಿದೆ. ಇಕ್ಕಳದಲ್ಲಿ ಹಿಡಿದ ಇಲಿಮರಿಯನ್ನು ಮುಂದೆ ಒಡ್ಡಿದರೆ ಅದು ಮೈಯನ್ನೆಲ್ಲ ಉಂಡೆ ಮಾಡಿ, ತಲೆಯನ್ನು ಆ ಸುರುಳಿಯ ನಡುವೆ ಹುದುಗಿಸಿಕೊಳ್ಳುತ್ತದೆ. ಮರುದಿನ ಮತ್ತೆ ಒಡ್ಡಿದರೂ ಅಷ್ಟೇ. ಆಗ ಮನೆಯವರಿಗೆ ಗಾಬರಿ ಶುರುವಾಗುತ್ತದೆ. ದಿನಕ್ಕೆರಡು ಸಲ ಇಲಿ ತೋರಿಸುತ್ತಾರೆ, ಸೊರಗಿದೆಯೇನೋ ಎಂದು ಎತ್ತಿ ಎತ್ತಿ ನೋಡುತ್ತಾರೆ, ಪೆಟ್ಟಿಗೆಯ ಜಾಗ ಬದಲಿಸುತ್ತಾರೆ. ಉಪವಾಸ ಇನ್ನಷ್ಟು ಉದ್ದವಾಗುವುದು ಹೆಚ್ಚಾಗಿ ಇದರಿಂದಲೇ. ಊಟ ಬಿಟ್ಟ ಮರಿಯ ತೊಂದರೆ ಬಹುಪಾಲು ಅದರ ಹೊಟ್ಟೆಯಲ್ಲಿ ಇರುವುದಿಲ್ಲ, ಅದು ವಾಸಿಸುವ ಪೆಟ್ಟಿಗೆಯಲ್ಲಿರುತ್ತದೆ. ಬಿಸಿ ಸಾಲದು, ಅವಿತುಕೊಳ್ಳಲು ಜಾಗವಿಲ್ಲ, ಮನುಷ್ಯರ ಕೈ ಪದೇ ಪದೇ ಒಳಗೆ ಬರುತ್ತಿದೆ. ಈ ಮೂರನ್ನು ಸರಿಪಡಿಸಿದರೆ ಬಹಳಷ್ಟು ಮರಿಗಳು ತಾವಾಗಿಯೇ ಬಾಯಿ ತೆರೆಯುತ್ತವೆ.

ಬಾಲ್ ಪೈಥಾನ್ ಮೂಲತಃ ಆಫ್ರಿಕಾದ ಪಶ್ಚಿಮ ಮತ್ತು ಮಧ್ಯ ಭಾಗದ ಹುಲ್ಲುಗಾವಲಿನ ಹಾವು. ಘಾನಾ, ಟೋಗೊ, ಬೆನಿನ್ ದೇಶಗಳಲ್ಲಿ ಇಲಿಬಿಲ, ಗೆದ್ದಲ ಹುತ್ತಗಳೊಳಗೆ ಹಗಲು ಕಳೆದು ಕತ್ತಲಾದ ಮೇಲೆ ಬೇಟೆಗೆ ಹೊರಡುತ್ತದೆ. ಅಮೆರಿಕ, ಯುರೋಪಿನ ಮನೆಗಳಲ್ಲಿ ಅತಿ ಹೆಚ್ಚು ಸಾಕುವ ಹಾವುಗಳಲ್ಲಿ ಇದೂ ಒಂದು. ಅಲ್ಲಿರುವ ಕನ್ನಡದ ಕುಟುಂಬಗಳ ಮಕ್ಕಳೂ ಇದಕ್ಕಾಗಿ ಹಟ ಹಿಡಿಯುವುದುಂಟು. ಚೆನ್ನಾಗಿ ನೋಡಿಕೊಂಡರೆ 30 ವರ್ಷ ಬದುಕುವುದು ಇದಕ್ಕೆ ದೊಡ್ಡ ವಿಷಯವಲ್ಲ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ 60 ದಾಟಿದ ಹೆಣ್ಣು ಬಾಲ್ ಪೈಥಾನ್ ಒಂದು 2020ರಲ್ಲಿ ಮೊಟ್ಟೆ ಇಟ್ಟಿತ್ತು. ಅಷ್ಟು ದೀರ್ಘ ಬಾಳಿನ ಪ್ರಾಣಿಯನ್ನು ಮೊದಲ ತಿಂಗಳಲ್ಲೇ ಕಂಗೆಡಿಸಬಾರದು.

ಕಾನೂನಿನ ಮಾತನ್ನು ಇಲ್ಲೇ ಹೇಳಿಬಿಡಬೇಕು. ಕೇರೆ, ತೋಳಹಾವು, ಹಸಿರು ಹಾವು, ಹೆಬ್ಬಾವು, ಹೀಗೆ ನಮ್ಮ ನೆಲದ ಹಾವುಗಳನ್ನು ಮನೆಯಲ್ಲಿ ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ತಡೆಯುತ್ತದೆ. ಹಿತ್ತಲಲ್ಲಿ ಸಿಕ್ಕ ಮರಿಯನ್ನು ಡಬ್ಬಿಯಲ್ಲಿಟ್ಟು ‘ತಿನ್ನುತ್ತಿಲ್ಲ’ ಎಂದು ಚಿಂತಿಸುವವರಿಗೆ ಇರುವ ಸಲಹೆ ಒಂದೇ: ಅರಣ್ಯ ಇಲಾಖೆಗೋ ಪರಿಣತ ಉರಗ ರಕ್ಷಕರಿಗೋ ತಿಳಿಸಿ, ಅದು ಸಿಕ್ಕ ಕಡೆಗೇ ಹಿಂದಿರುಗುವಂತೆ ನೋಡಿಕೊಳ್ಳಿ. ಬಾಲ್ ಪೈಥಾನ್ ವಿದೇಶಿ ಜಾತಿ. ಅದರ ಅಂತರರಾಷ್ಟ್ರೀಯ ವ್ಯಾಪಾರ ಸೈಟಿಸ್ ಒಪ್ಪಂದದ ನಿಯಂತ್ರಣದಲ್ಲಿದೆ. ಭಾರತದಲ್ಲಿ ಅದನ್ನು ಇಟ್ಟುಕೊಂಡವರು 2024ರ ನಿಯಮಗಳಂತೆ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಕಾಗದಪತ್ರವಿಲ್ಲದ ಮರಿಯನ್ನು ಕೊಳ್ಳಲೇಬೇಡಿ. ಕಳ್ಳದಾರಿಯಲ್ಲಿ ಚೀಲದೊಳಗೆ ತುರುಕಿ ತಂದ ಮರಿಗಳು ಬರುವಾಗಲೇ ಬಳಲಿರುತ್ತವೆ. ಊಟ ಬಿಡುವುದರಲ್ಲೂ ಅವೇ ಮುಂದು.

ಮೊದಲು ತಕ್ಕಡಿ

ಕಣ್ಣಳತೆ ನಂಬಬೇಡಿ. ಗ್ರಾಂ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯ ತೂಕ ಮೊದಲೇ ತೆಗೆದಿಟ್ಟುಕೊಂಡು, ವಾರಕ್ಕೊಮ್ಮೆ ಮರಿಯನ್ನು ಅದರಲ್ಲಿಟ್ಟು ತೂಗಿ ಬರೆದಿಡಿ. ಮೊಟ್ಟೆಯಿಂದ ಬಂದ ಹೊಸದರಲ್ಲಿ ಬಾಲ್ ಪೈಥಾನ್ ಸುಮಾರು 50ರಿಂದ 75 ಗ್ರಾಂ ತೂಗುತ್ತದೆ. ತೂಕ ಹೆಚ್ಚುಕಡಿಮೆ ಅಲ್ಲಲ್ಲೇ ನಿಂತಿದ್ದರೆ ಕಾಯಲು ಸಮಯವಿದೆ. ಶೇ 10ರಷ್ಟು ಇಳಿದಿದ್ದರೆ, ಬೆನ್ನುಮೂಳೆ ಏಣಿನಂತೆ ಎದ್ದು ಕಂಡರೆ, ಚರ್ಮ ಸುಕ್ಕುಗಟ್ಟಿದರೆ ಕಾಯಬಾರದು. ದೊಡ್ಡ ಹಾವು ತಿಂಗಳುಗಟ್ಟಲೆ ಊಟವಿಲ್ಲದೆ ಇರಬಲ್ಲದು ಎಂಬ ಮಾತು ನಿಜ, ಆದರೆ ಅದನ್ನು ಮರಿಗೆ ಹಾಗೆಯೇ ಅನ್ವಯಿಸುವುದು ಅಪಾಯ. ಮರಿಯ ಮೈಯಲ್ಲಿ ಅಷ್ಟು ಕೊಬ್ಬಿನ ದಾಸ್ತಾನು ಇರುವುದಿಲ್ಲ.

ಅದೇ ಹಾಳೆಯಲ್ಲಿ ಮಾರಿದವರಿಂದ ಕೇಳಿ ತಿಳಿದದ್ದನ್ನೂ ಬರೆಯಿರಿ. ಮರಿ ಈವರೆಗೆ ಎಷ್ಟು ಸಲ ತಿಂದಿದೆ? ಕೊಟ್ಟದ್ದು ಮೌಸ್ ಎನ್ನುವ ಸಣ್ಣ ಜಾತಿಯೋ, ರ‍್ಯಾಟ್ ಎನ್ನುವ ದೊಡ್ಡ ಜಾತಿಯ ಮರಿಯೋ? ಜೀವಂತವೋ, ಫ್ರೀಜರ್‌ನದೋ? ಅರ್ಧ ಸಮಸ್ಯೆ ಈ ಉತ್ತರಗಳಲ್ಲೇ ಬಗೆಹರಿಯುತ್ತದೆ. ಮೊಟ್ಟೆಯೊಡೆದ ಮರಿ ಹೊಟ್ಟೆಯೊಳಗೆ ಉಳಿದ ಹಳದಿಯ ಸಾರದಲ್ಲೇ ಮೊದಲ ದಿನಗಳನ್ನು ಕಳೆಯುತ್ತದೆ. ಮೊದಲ ಪೊರೆ ಬಿಡುವವರೆಗೆ ಊಟ ಕೇಳುವುದಿಲ್ಲ. ಒಮ್ಮೆಯೂ ತಿನ್ನದ ಮರಿಯನ್ನು ಮಾರುವವರಿದ್ದಾರೆ. ಕನಿಷ್ಠ ಮೂರು ನಾಲ್ಕು ಊಟ ಮುಗಿಸಿದ ಮರಿಯನ್ನೇ ಕೊಳ್ಳಬೇಕು ಎನ್ನುವುದು ಇದಕ್ಕಾಗಿಯೇ.

ಬಿಸಿ, ತೇವ, ಮರೆ

ಹಾವಿಗೆ ತನ್ನದೇ ಮೈಬಿಸಿ ಇಲ್ಲ. ತಿಂದದ್ದು ಅರಗಲು ಹೊರಗಿನ ಕಾವು ಬೇಕು. ಕಾವಿಲ್ಲದ ಕಡೆ ತಿಂದರೆ ಇಲಿ ಹೊಟ್ಟೆಯಲ್ಲೇ ಕೊಳೆಯುತ್ತದೆ. ಹಾಗಾಗಿ ತಣ್ಣಗಿರುವ ಮರಿ ತಿನ್ನದಿರುವುದು ಹಟದಿಂದಲ್ಲ, ಅದರ ದೇಹವೇ ಬೇಡವೆನ್ನುತ್ತದೆ. ಪೆಟ್ಟಿಗೆಯ ಒಂದು ತುದಿ 31ರಿಂದ 33 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿ 25ರಿಂದ 27 ಡಿಗ್ರಿ ಇರಲಿ. ಬೇಕೆನಿಸಿದಾಗ ಅದೇ ಸರಿದು ಕೂರುತ್ತದೆ. ಗೋಡೆಗೆ ಅಂಟಿಸುವ ಮುಳ್ಳಿನ ಥರ್ಮಾಮೀಟರ್ ಬಹಳ ಸಲ ತಪ್ಪು ಹೇಳುತ್ತದೆ. ತಂತಿಯ ತುದಿಯಲ್ಲಿ ಪ್ರೋಬ್ ಇರುವ ಡಿಜಿಟಲ್ ಮಾಪಕವನ್ನು ಹಾವು ಮಲಗುವ ನೆಲದ ಮೇಲೆಯೇ ಇಟ್ಟು ಅಳೆಯಿರಿ. ಹೀಟ್ ಮ್ಯಾಟ್‌ಗೆ ಥರ್ಮೋಸ್ಟಾಟ್ ಇರಲೇಬೇಕು. ಅದಿಲ್ಲದ ಮ್ಯಾಟ್ ಹೊಟ್ಟೆಯ ಚರ್ಮ ಸುಟ್ಟ ಉದಾಹರಣೆಗಳು ಬೇಕಾದಷ್ಟಿವೆ. ಒಳಗಿಡುವ ಬಿಸಿ ಕಲ್ಲಂತೂ ಬೇಡವೇ ಬೇಡ.

ಬೆಂಗಳೂರಿನಲ್ಲಿ ಹಾವು ಸಾಕುವವರು ‘ನಮ್ಮದು ಉಷ್ಣವಲಯ, ಹೀಟರ್ ಯಾಕೆ’ ಎನ್ನುವುದನ್ನು ಬಿಡಬೇಕು. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಇಲ್ಲಿನ ತಾಪಮಾನ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಕರೆಂಟ್ ಹೋದರೆ ಯುಪಿಎಸ್ ಇರಲಿ, ಇಲ್ಲವೇ ಪೆಟ್ಟಿಗೆಯ ಮೂರು ಬದಿಗೆ ಥರ್ಮೋಕೋಲ್ ಹೊದಿಸಿ ಕಾವು ಹಿಡಿದಿಡಿ.

ತೇವಾಂಶ ಶೇ 60ರಿಂದ 80ರ ನಡುವೆ ಇರಲಿ. ಕಣ್ಣು ಮಂಜುಗಟ್ಟಿ ನೀಲಿಯಾಗಿದೆ ಎಂದರೆ ಪೊರೆ ಬಿಡುವ ಕಾಲ. ಆಗ ಊಟ ಒಡ್ಡಲೇಬೇಡಿ, ಪೊರೆ ಪೂರ್ತಿ ಕಳಚಿ ಒಂದೆರಡು ದಿನ ಕಳೆಯಲಿ.

ಇನ್ನು ಮರೆ. ಹೊಸಬರು ಅತಿ ಹೆಚ್ಚು ಎಡವುವುದು ಇಲ್ಲೇ. ಪ್ರೀತಿಯಿಂದ ದೊಡ್ಡ ಗಾಜಿನ ತೊಟ್ಟಿ ತಂದು, ಅದರಲ್ಲೊಂದು ಅಗಲವಾದ ಗುಹೆ ಇಟ್ಟು, ನಾಲ್ಕೂ ಕಡೆ ಬೆಳಕು ಬೀಳುವಂತೆ ಹಾಲ್‌ನಲ್ಲಿ ಇಡುತ್ತಾರೆ. ಗಿಡುಗದಂಥ ಹಕ್ಕಿಗಳ ಬಾಯಿಗೆ ಬೀಳದೆ ಉಳಿಯುವುದೇ ಬದುಕಾಗಿರುವ ಆ ಪುಟ್ಟ ಜೀವಕ್ಕೆ ಅದು ಬಯಲಿನಲ್ಲಿ ಕೂರಿಸಿದಂತೆ. ಹೆದರಿದ ಹಾವು ಬೇಟೆಗೆ ಇಳಿಯುವುದಿಲ್ಲ. ಮರಿ ಸುರುಳಿ ಸುತ್ತಿ ಕುಳಿತಾಗ ಬೆನ್ನು, ಪಕ್ಕೆ ಎರಡೂ ಗೋಡೆಗೆ ತಾಗುವಷ್ಟು ಇಕ್ಕಟ್ಟಾದ, ಒಂದೇ ಬಾಗಿಲಿನ ಅಡಗುತಾಣ ಎರಡು ಬೇಕು; ಒಂದು ಬಿಸಿ ತುದಿಯಲ್ಲಿ, ಒಂದು ತಂಪಿನಲ್ಲಿ. ದುಡ್ಡು ಕೊಟ್ಟು ತರಬೇಕೆಂದಿಲ್ಲ. ಬಾಯಿ ಕತ್ತರಿಸಿ ಅಂಚು ಉಜ್ಜಿ ನುಣುಪಾಗಿಸಿದ, ಬೆಳಕು ಹಾಯದ ಸಣ್ಣ ಪ್ಲಾಸ್ಟಿಕ್ ಬಟ್ಟಲನ್ನು ಕವುಚಿಟ್ಟರೂ ಆದೀತು. ಗಾಜಿನ ಮೂರು ಬದಿಗೆ ಕಪ್ಪು ಕಾಗದ ಅಂಟಿಸಿ. ನಡುವಿನ ಖಾಲಿ ಜಾಗಕ್ಕೆ ಒಣಎಲೆ, ಮುದುರಿದ ಕಾಗದ ತುಂಬಿ. ಟಿವಿ, ಸ್ಪೀಕರ್, ನಾಯಿ ಇರುವ ಕೋಣೆಯಿಂದ ದೂರವಿಡಿ.

ಇಷ್ಟಾದ ಮೇಲೆ ಏಳರಿಂದ ಹತ್ತು ದಿನ ಮುಟ್ಟಬೇಡಿ. ನೀರು ಬದಲಿಸುವುದು, ಗಲೀಜು ತೆಗೆಯುವುದು, ವಾರದ ತೂಕ, ಅಷ್ಟೇ. ಫೋಟೊ ಬೇಡ, ಮಕ್ಕಳ ಗೆಳೆಯರಿಗೆ ತೋರಿಸುವುದು ಬೇಡ. ಈ ದಿನಗಳೇ ಎಲ್ಲಕ್ಕಿಂತ ಕಷ್ಟ, ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದೂ ಇವೇ.

ಇಲಿ ಒಡ್ಡುವ ಬಗೆ

ಇಲಿಯ ದಪ್ಪ ಮರಿಯ ಮೈಯ ಅತಿ ದಪ್ಪ ಭಾಗದಷ್ಟಿದ್ದರೆ ಸರಿ. ತೂಕ ಮರಿಯ ತೂಕದ ಶೇ 10ರಿಂದ 15ರಷ್ಟಿರಲಿ. ಫ್ರೀಜರ್‌ನ ಇಲಿಯನ್ನು ಹಿಂದಿನ ರಾತ್ರಿಯೇ ಫ್ರಿಜ್‌ನ ಕೆಳಗಿನ ಖಾನೆಗೆ ಇಳಿಸಿ. ಕೊಡುವ ಹೊತ್ತಿಗೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಿಸಿನೀರಿನಲ್ಲಿ ಅದ್ದಿ. ಮೈಕ್ರೋವೇವ್‌ಗೆ ಇಡಬೇಡಿ, ಒಳಗೆ ಬೆಂದು ಹೊಟ್ಟೆ ಒಡೆಯುತ್ತದೆ. ಬಾಲ್ ಪೈಥಾನ್‌ನ ಮೇಲ್ದುಟಿಯ ಅಂಚಿನಲ್ಲಿ ಸಾಲು ಕುಳಿಗಳಿವೆ, ಅವು ಶಾಖವನ್ನು ಗ್ರಹಿಸುತ್ತವೆ. ಕತ್ತಲಲ್ಲಿ ಅದು ಇಲಿಯನ್ನು ಪತ್ತೆಹಚ್ಚುವುದರಲ್ಲಿ ಆ ಶಾಖದ್ದೇ ದೊಡ್ಡ ಪಾಲು. ತಣ್ಣನೆಯ ಇಲಿ ಅದಕ್ಕೆ ಬೇಟೆಯೇ ಅಲ್ಲ. ಇಲಿಯ ಮೈ 38ರಿಂದ 40 ಡಿಗ್ರಿ ಇರಬೇಕು, ತಲೆ ಇನ್ನೂ ಸ್ವಲ್ಪ ಬೆಚ್ಚಗಿದ್ದರೆ ಒಳ್ಳೆಯದು. ಒಡ್ಡುವ ಮುನ್ನ ತಲೆಯನ್ನಷ್ಟೇ ಅರೆನಿಮಿಷ ಬಿಸಿನೀರಿಗೆ ತಾಗಿಸಿ. ಮೈ ಒರೆಸಿ ಒಣಗಿಸಿ.

ಹೊತ್ತು ರಾತ್ರಿ. ಕೋಣೆಯ ದೀಪ ಆರಿಸಿ. ಉದ್ದ ಇಕ್ಕಳದಿಂದ ಇಲಿಯ ಸೊಂಟ ಹಿಡಿದು ಅಡಗುತಾಣದ ಬಾಗಿಲ ಮುಂದೆ ಮೆಲ್ಲಗೆ ಸರಿದಾಡಿಸಿ. ಮುಖಕ್ಕೆ ತಿವಿಯಬೇಡಿ, ಯಾವ ಇಲಿಯೂ ಹಾವಿನ ಮೂತಿಗೆ ಬಂದು ಗುದ್ದುವುದಿಲ್ಲ. ಈಗ ಮರಿಯ ನಾಲಿಗೆಯನ್ನು ನೋಡಿ. ಮೊದಲು ನಿಧಾನವಾಗಿ ಹೊರಬಂದು ಒಳಹೋಗುತ್ತಿದ್ದದ್ದು ಚುರುಕಾಗುತ್ತದೆ. ತಲೆ ಇಲಿಯತ್ತಲೇ ನೆಟ್ಟಿರುತ್ತದೆ, ಕತ್ತು ಹಿಂದಕ್ಕೆ ಸರಿದು ಡೊಂಕಾಗಿ ಬಿಗಿಯುತ್ತದೆ. ಅಲ್ಲಿಗೆ ನಿಮ್ಮ ಕೈ ಅಲುಗಾಡದಿರಲಿ. ಎರಗಿ ಹಿಡಿದು ಸುತ್ತಿಕೊಂಡ ಕೂಡಲೇ ಇಕ್ಕಳ ಬಿಟ್ಟು ಹಿಂದೆ ಸರಿಯಿರಿ. ಕೆಲವು ನಿಮಿಷದ ಬಳಿಕ ಸುರುಳಿ ಸಡಿಲಿಸಿ ಇಲಿಯ ತಲೆ ಎಲ್ಲಿದೆಯೆಂದು ಮೂತಿಯಿಂದ ಹುಡುಕುತ್ತದೆ, ಬಳಿಕ ಒಮ್ಮೆ ಎಡದವಡೆ, ಒಮ್ಮೆ ಬಲದವಡೆ ಮುಂದಿಡುತ್ತಾ ನುಂಗುತ್ತದೆ. ನಡುವೆ ಬಾಗಿಲು ಸದ್ದಾದರೂ ಹೆದರಿ ಉಗುಳುವ ಮರಿಗಳಿವೆ.

ಕತ್ತು ಹಿಂದಕ್ಕೆಳೆದು ಮುಖ ತಿರುಗಿಸಿತೋ, ಸಾಕು ಮಾಡಿ. ಇಲಿಯನ್ನು ಒಂದು ಕಾಗದದ ತಟ್ಟೆಯಲ್ಲಿ ಅಡಗುತಾಣದ ಬಾಗಿಲಲ್ಲಿಟ್ಟು, ಪೆಟ್ಟಿಗೆಗೆ ಬಟ್ಟೆ ಹೊದಿಸಿ, ಹೋಗಿ ಮಲಗಿ. ಎಷ್ಟೋ ನಾಚಿಕೆಯ ಮರಿಗಳು ಯಾರೂ ಇಲ್ಲದ ಅಪರಾತ್ರಿಯಲ್ಲಿ ತಿಂದು ಮುಗಿಸಿರುತ್ತವೆ. ಬೆಳಿಗ್ಗೆ ಉಳಿದಿದ್ದರೆ ಎಸೆಯಿರಿ, ಮತ್ತೆ ಫ್ರೀಜ್ ಮಾಡಬೇಡಿ. ಮುಂದಿನ ಪ್ರಯತ್ನ ಒಂದು ವಾರದ ನಂತರವೇ.

ಆಗಲೂ ತಿನ್ನದಿದ್ದರೆ

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬರೆದಿಡಿ. ರ‍್ಯಾಟ್ ಬೇಡವೆಂದ ಮರಿ ಮೌಸ್ ಹಿಡಿಯುವುದು ತೀರಾ ಸಾಮಾನ್ಯ. ಮುಂದೆ ಮೌಸ್ ಗೂಡಿನ ಹಾಸಿಗೆಯ ಹುಲ್ಲಿನಲ್ಲಿ ರ‍್ಯಾಟ್ ಮರಿಯನ್ನು ಉರುಳಿಸಿ ವಾಸನೆ ಹಿಡಿಸಿದರೆ ನಿಧಾನವಾಗಿ ಅದಕ್ಕೂ ಒಗ್ಗುತ್ತದೆ. ಇನ್ನೊಂದು ದಾರಿ ಪೆಟ್ಟಿಗೆಯನ್ನೇ ಚಿಕ್ಕದು ಮಾಡುವುದು. ಗಾಳಿಗೆ ತೂತು ಕೊರೆದ, ಶೂ ಡಬ್ಬಿಯಷ್ಟರ ಪ್ಲಾಸ್ಟಿಕ್ ಟಬ್‌ನಲ್ಲಿ ಒಂದು ಅಡಗುತಾಣ, ನೀರಿನ ಬಟ್ಟಲು, ಮುದುರಿದ ಕಾಗದ ಹಾಕಿ, ಅದೇ ಕಾವಿನಲ್ಲಿ ಕೆಲವು ವಾರ ಇಡಿ. ಅಂದದ ತೊಟ್ಟಿಯಲ್ಲಿ ಊಟ ಮುಟ್ಟದ ಮರಿಗಳು ಇಂಥ ಟಬ್‌ನಲ್ಲಿ ತಿನ್ನಲಾರಂಭಿಸುವುದನ್ನು ಸಾಕಣೆದಾರರು ಚೆನ್ನಾಗಿ ಬಲ್ಲರು.

ಜೀವಂತ ಇಲಿಯನ್ನಷ್ಟೇ ತಿಂದು ಬೆಳೆದ ಮರಿ ಫ್ರೀಜರ್‌ನದ್ದನ್ನು ಗುರುತಿಸದಿರಬಹುದು. ಆದರೂ ಜೀವಂತ ಇಲಿಯನ್ನು ಮರಿಯ ಜೊತೆ ಬಿಟ್ಟು ಹೋಗಬಾರದು. ಹಲ್ಲು ಬಂದ ಇಲಿ ಸುಮ್ಮನಿರುವ ಹಾವಿನ ಬೆನ್ನನ್ನೇ ಮೂಳೆ ಕಾಣುವಷ್ಟು ಕಚ್ಚುತ್ತದೆ. ಮನೆಯಲ್ಲಿ, ಗದ್ದೆಯಲ್ಲಿ ಹಿಡಿದ ಇಲಿಯಂತೂ ಕೊಡಲೇಬಾರದು. ಅದು ಇಲಿಪಾಷಾಣ ತಿಂದಿರಬಹುದು, ಪರೋಪಜೀವಿಗಳನ್ನೂ ಹೊತ್ತು ತರುತ್ತದೆ.

ಇದೇ ತೊಂದರೆ ಕಾರ್ನ್ ಸ್ನೇಕ್ ಮರಿಯಲ್ಲಿ ಬೇರೆ ಬಗೆಯದು. ಅಮೆರಿಕದ ಆಗ್ನೇಯ ರಾಜ್ಯಗಳ ಈ ಹಾವಿನ ಮರಿಗಳು ಕಾಡಿನಲ್ಲಿ ಹಲ್ಲಿ, ಮರಗಪ್ಪೆಗಳನ್ನು ಹಿಡಿಯುತ್ತವೆ. ಕೂದಲು ಬಾರದ ಗುಲಾಬಿ ಇಲಿಮರಿ ಅವಕ್ಕೆ ಆಹಾರವೆಂದೇ ತೋರದು. ಸೋಪಿಲ್ಲದ ನೀರಿನಲ್ಲಿ ಇಲಿಮರಿಯನ್ನು ತೊಳೆದು, ಸಾಕಿದ ಹಲ್ಲಿ ಬಿಟ್ಟ ಪೊರೆಯನ್ನು ಸವರಿ ಕೊಟ್ಟರೆ ಹಿಡಿಯುವುದುಂಟು.

ನಮ್ಮ ಕಡೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ನಾಗರಪಂಚಮಿಯ ನೆನಪಿನಲ್ಲಿ ಉಪವಾಸವಿರುವ ಮರಿಗೆ ಹಾಲು ಇಡಬೇಡಿ. ಹಾವು ಹಾಲು ಅರಗಿಸಿಕೊಳ್ಳಲಾರದು. ಬಾಯಾರಿ ಬಳಲಿದ್ದರೆ ಮಾತ್ರ ನೀರಿನ ಬದಲು ಅದನ್ನೇ ಕುಡಿಯುತ್ತದೆ, ಆಮೇಲೆ ನರಳುತ್ತದೆ. ಕೋಳಿ ಮಾಂಸದ ಚೂರು, ಬೇಯಿಸಿದ ಮೊಟ್ಟೆಯೂ ಊಟವಲ್ಲ. ಇಡೀ ಇಲಿಯಲ್ಲಿ ಎಲುಬು, ಕರುಳು, ಯಕೃತ್ತು ಎಲ್ಲ ಸೇರಿದಾಗಲೇ ಅದಕ್ಕೆ ಬೇಕಾದ ಪೋಷಣೆ ಸಿಗುತ್ತದೆ. ಬಾಯಿ ಬಿಡಿಸಿ ಆಹಾರ ತುರುಕುವ ಕೆಲಸಕ್ಕೆ ಮನೆಯಲ್ಲಿ ಕೈ ಹಾಕಬೇಡಿ. ದವಡೆಗೆ, ಗಂಟಲಿಗೆ ಗಾಯವಾಗುತ್ತದೆ, ಮರಿ ಹೆದರಿ ಮತ್ತಷ್ಟು ದಿನ ಊಟ ಬಿಡುತ್ತದೆ. ಅಗತ್ಯ ಬಿದ್ದರೆ ಸರೀಸೃಪಗಳನ್ನು ನೋಡಿ ಅನುಭವವಿರುವ ಪಶುವೈದ್ಯರೇ ಕೊಳವೆಯ ಮೂಲಕ ಕೊಡುತ್ತಾರೆ.

ಕೆಲವು ಲಕ್ಷಣ ಕಂಡರೆ ವಾರ ಎಣಿಸದೆ ವೈದ್ಯರಲ್ಲಿಗೆ ಹೋಗಿ: ಉಸಿರಾಡುವಾಗ ಸಿಳ್ಳೆಯಂಥ ಸದ್ದು, ಮೂಗಿನಲ್ಲಿ ಗುಳ್ಳೆ, ಬಾಯಿ ತೆರೆದು ಉಸಿರಾಡುವುದು, ವಸಡಿನಲ್ಲಿ ಕೀವು ಅಥವಾ ಕೆಂಪು, ತಲೆಯನ್ನು ಮೇಲಕ್ಕೆ ತಿರುಚಿ ಹಿಡಿಯುವುದು, ಹುರುಪೆಗಳ ಸಂದಿನಲ್ಲಿ ಓಡಾಡುವ, ಕರಿ ಚುಕ್ಕೆಯಂಥ ಉಣ್ಣೆಗಳು. ತಿಂದದ್ದನ್ನು ಕಕ್ಕಿದರೂ ಹೇಳಿ. ಕಕ್ಕಿದ ಮೇಲೆ ಎರಡು ವಾರ ಏನೂ ಕೊಡಬೇಡಿ, ಬಳಿಕ ಮೊದಲಿನದಕ್ಕಿಂತ ಚಿಕ್ಕದನ್ನು ಕೊಡಿ. ಹೋಗುವಾಗ ತೂಕದ ಹಾಳೆ, ಪೆಟ್ಟಿಗೆಯ ಫೋಟೊ, ಇತ್ತೀಚಿನ ಮಲ ಇವು ನಿಮ್ಮ ಜೊತೆಗಿರಲಿ. ಹಾವನ್ನೂ ಅದರ ಪಾತ್ರೆಗಳನ್ನೂ ಮುಟ್ಟಿದಾಗಲೆಲ್ಲ ಸೋಪಿನಲ್ಲಿ ಕೈ ತೊಳೆಯಿರಿ. ಸರೀಸೃಪಗಳ ಮೈಯಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಲ್ಲದು, ಐದು ವರ್ಷದೊಳಗಿನ ಮಕ್ಕಳಿಗೆ ಅದು ಹೆಚ್ಚು ತೊಂದರೆ ಕೊಡುತ್ತದೆ.

ಮೊದಲ ಇಲಿ ಒಳಗಿಳಿದ ಸಂತೋಷದಲ್ಲಿ ಮರಿಯನ್ನು ಎತ್ತಿಕೊಳ್ಳಬೇಡಿ, ಕನಿಷ್ಠ 48 ಗಂಟೆ ಬಿಡಿ. ಮುಂದಿನ ಊಟ ಏಳು ದಿನಕ್ಕೆ. ಅದೇ ಜಾತಿ, ಅದೇ ಅಳತೆ, ಅದೇ ಹೊತ್ತು, ಅದೇ ಇಕ್ಕಳ. ಮೂರು ಊಟ ಸತತವಾಗಿ ಮುಗಿಯುವವರೆಗೆ ಪೆಟ್ಟಿಗೆಯಲ್ಲಿ ಒಂದು ಎಲೆಯನ್ನೂ ಆಚೀಚೆ ಮಾಡಬೇಡಿ. ಆಮೇಲೆ ತೂಕ ಏರಿದಂತೆ ಇಲಿಯ ಗಾತ್ರ ಏರಿಸಬಹುದು, ಮರಿಯನ್ನು ದಿನಕ್ಕೆ ಐದು ನಿಮಿಷ ಕೈಗೆ ತೆಗೆದುಕೊಂಡು ರೂಢಿಸಬಹುದು.