ಓದು ಬಾರದವರಿಗೂ ತಿಳಿಯುವ ಚಿತ್ರಪಟ



ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ಮಕ್ಕಳು ಚಾರ್ಟ್ ಪೇಪರಿನ ಮೇಲೆ ಚಿತ್ರ, ಅಂಕಿ, ಬಣ್ಣಗಳನ್ನು ಸೇರಿಸಿ ಪಟ ತಯಾರಿಸುವುದನ್ನು ನಾವೆಲ್ಲರೂ ನೋಡಿದ್ದೇವೆ. ಇಂಥ ಪಟವನ್ನು ಈಗ ಇನ್ಫೋಗ್ರಾಫಿಕ್ ಎನ್ನುತ್ತಾರೆ. ಮಾಹಿತಿ ಚಿತ್ರ ಎಂದರೂ ಸರಿಯೇ. ಕೈಯಲ್ಲಿ ಬರೆದರೂ ಮೊಬೈಲಿನಲ್ಲಿ ಮಾಡಿದರೂ ಅದರ ನಿಯಮಗಳು ಒಂದೇ. ಅಂಕಕ್ಕಾಗಿ ಮಾತ್ರ ಮಾಡಿದ ಪಟ ಪ್ರದರ್ಶನ ಮುಗಿದ ಮೇಲೆ ಮೂಲೆ ಸೇರುತ್ತದೆ. ಸರಿಯಾಗಿ ಮಾಡಿದ ಪಟವಾದರೋ ಒಂದು ಜೀವವನ್ನೇ ಉಳಿಸಬಲ್ಲದು. ಅದನ್ನು ಮಾಡುವ ಬಗೆಯನ್ನು ಈ ಸಲ ಕಲಿಯೋಣ.

ನಮ್ಮ ಕೆಲಮಂಗಲದ ಕಡೆ ಇದರ ಅಗತ್ಯ ಹೆಚ್ಚು. ಇಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಬೆರೆತಿವೆ. ಮನೆಯಲ್ಲಿ ಕನ್ನಡ ಆಡುವ ಮಗು ಶಾಲೆಯಲ್ಲಿ ತಮಿಳು ಓದುತ್ತದೆ. ಅಜ್ಜಿಗೆ ಯಾವ ಅಕ್ಷರವೂ ಬಾರದಿರಬಹುದು. ಬರೀ ಅಕ್ಷರ ತುಂಬಿದ ಪಟ ಒಂದೇ ಮನೆಯಲ್ಲಿ ಒಬ್ಬರಿಗೆ ತಿಳಿದು ಮತ್ತೊಬ್ಬರಿಗೆ ತಿಳಿಯದೆ ಹೋಗುತ್ತದೆ. ಒಳ್ಳೆಯ ಚಿತ್ರಕ್ಕೆ ಆ ತೊಡಕಿಲ್ಲ.

ಡಬ್ಬದ ಮೇಲಿನ ಬಣ್ಣ

ನಮ್ಮ ರೈತರ ಕೈಗೆ ಆಗಾಗ ಬರುವ ಮಾಹಿತಿ ಚಿತ್ರವೊಂದಿದೆ. ಟೊಮೆಟೊ, ಕೋಸು, ಗುಲಾಬಿಗೆ ಹೊಡೆಯುವ ಕೀಟನಾಶಕದ ಡಬ್ಬವನ್ನು ನೋಡಿರಿ. ಮೂಲೆಯ ಮೇಲೆ ನಿಲ್ಲಿಸಿದಂತಿರುವ ಒಂದು ಚೌಕ, ಅದರ ಕೆಳಗಿನ ಅರ್ಧದಲ್ಲಿ ಒಂದು ಬಣ್ಣ ಇರುತ್ತದೆ. 1971ರ ಕೀಟನಾಶಕ ನಿಯಮಗಳು ಗೊತ್ತುಮಾಡಿದ ಗುರುತು ಇದು. ಕೆಂಪು ಎಂದರೆ ಅತ್ಯಂತ ಹೆಚ್ಚಿನ ವಿಷ, ಹಳದಿ ಎಂದರೆ ಹೆಚ್ಚಿನ ವಿಷ, ನೀಲಿ ಎಂದರೆ ಮಧ್ಯಮ ವಿಷ, ಹಸಿರು ಎಂದರೆ ಅಲ್ಪ ವಿಷ. ಕೆಂಪಿನ ಜೊತೆಗೆ ತಲೆಬುರುಡೆಯ ಚಿತ್ರವೂ ಇರುತ್ತದೆ.

ಇದರಿಂದ ನಾವು ಕಲಿಯುವ ಪಾಠ ಎರಡು. ಒಂದು, ಕೆಲವರಿಗೆ ಕೆಂಪು ಹಸಿರುಗಳ ವ್ಯತ್ಯಾಸ ಕಾಣುವುದಿಲ್ಲ. ಆದುದರಿಂದ ಬಣ್ಣದ ಜೊತೆಗೆ ಒಂದು ಆಕಾರವೂ ಬೇಕು. ತಲೆಬುರುಡೆ ಆ ಕೆಲಸ ಮಾಡುತ್ತದೆ. ಎರಡು, ಬಣ್ಣದ ಅರ್ಥ ಎಲ್ಲ ಕಡೆಯೂ ಒಂದೇ ಅಲ್ಲ. ಹೊಸೂರಿನ ಸಿಗ್ನಲ್ಲಿನಲ್ಲಿ ಹಸಿರು ಎಂದರೆ ಹೋಗಬಹುದು. ಡಬ್ಬದ ಮೇಲಿನ ಹಸಿರನ್ನು ಹಾಗೆಯೇ ತಿಳಿದು, ಅಪಾಯವಿಲ್ಲವೆಂದು ಬರಿಗೈಯಲ್ಲಿ ಬೆರೆಸಿದರೆ ಗತಿಯೇನು? ಹಸಿರೂ ವಿಷವೇ. ನಿಮ್ಮ ಪಟದಲ್ಲಿ ಬಣ್ಣ ಬಳಸಿದರೆ ಅದರ ಅರ್ಥವನ್ನು ಪಕ್ಕದಲ್ಲೇ ತೋರಿಸಿರಿ.

ಅಂಕಿಯನ್ನು ಬರೆಯುವ ರೀತಿ

1971ರಲ್ಲಿ ಬಂಗ್ಲಾದೇಶದ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾಕ್ಕೆ ತುತ್ತಾದರು. ನರಕ್ಕೆ ಕೊಡುವ ದ್ರಾವಣ ಸಾಲದಾದಾಗ ಡಾ. ದಿಲೀಪ್ ಮಹಲನಬೀಸ್ ಅವರು ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಬಾಯಿಯಿಂದಲೇ ಕುಡಿಸಿದರು. ನೂರು ರೋಗಿಗಳಲ್ಲಿ ಸುಮಾರು 30 ಮಂದಿ ಸಾಯುತ್ತಿದ್ದ ಕಡೆ, ಸಾವು ನಾಲ್ಕಕ್ಕಿಂತ ಕಡಿಮೆಗೆ ಇಳಿಯಿತು.

ಇದನ್ನು ಪಟದಲ್ಲಿ ತೋರಿಸುವುದು ಹೇಗೆ? ಒಬ್ಬ ದೊಡ್ಡ ಮನುಷ್ಯ, ಒಬ್ಬ ಚಿಕ್ಕ ಮನುಷ್ಯನನ್ನು ಬರೆಯಬೇಡಿರಿ. ಚಿತ್ರದ ಎತ್ತರ ಅಗಲ ಎರಡನ್ನೂ ಇಮ್ಮಡಿ ಮಾಡಿದರೆ ಅದು ಹಿಡಿಯುವ ಜಾಗ ನಾಲ್ಕು ಪಟ್ಟಾಗಿ ಕಣ್ಣಿಗೆ ಮೋಸವಾಗುತ್ತದೆ. ಒಂದೇ ಅಳತೆಯ 30 ಮನುಷ್ಯರನ್ನು ಒಂದು ಕಡೆ, 4 ಮನುಷ್ಯರನ್ನು ಇನ್ನೊಂದು ಕಡೆ ಸಾಲಾಗಿ ಬರೆಯಿರಿ. 1920ರ ದಶಕದಲ್ಲಿ ವಿಯೆನ್ನಾದ ಓಟ್ಟೋ ನ್ಯೂರಾತ್ ಸಾಮಾನ್ಯ ಜನರಿಗೆ ಅಂಕಿಅಂಶ ತಿಳಿಸಲು ಹಿಡಿದ ದಾರಿ ಇದೇ: ಸಂಖ್ಯೆ ಹೆಚ್ಚಿದರೆ ಚಿತ್ರವನ್ನು ಹಿಗ್ಗಿಸಬೇಡ, ಮತ್ತೆ ಮತ್ತೆ ಬರೆ.

ಕಂಬಗಳ ಚಿತ್ರ ಬರೆದರೆ ಸೊನ್ನೆಯಿಂದಲೇ ಆರಂಭಿಸಿರಿ. ಒಂದು ತಳಿಯ ರಾಗಿ ಎಕರೆಗೆ 10 ಕ್ವಿಂಟಾಲ್, ಇನ್ನೊಂದು 12 ಕ್ವಿಂಟಾಲ್ ಬಂತೆನ್ನಿ. ಕಂಬವನ್ನು 9ರಿಂದ ಆರಂಭಿಸಿದರೆ ಎರಡನೆಯದು ಮೂರು ಪಟ್ಟು ಎತ್ತರ ಕಾಣುತ್ತದೆ. ಅದನ್ನು ನಂಬಿ ಬೀಜ ಕೊಂಡ ರೈತನಿಗೆ ನಷ್ಟ.

ಒಂದು ಪಟ ಮಾಡೋಣ

ಭೇದಿಯಾದ ಮಗುವಿಗೆ ಕೊಡುವ ಉಪ್ಪು-ಸಕ್ಕರೆ ನೀರಿನ ಪಟವನ್ನೇ ತೆಗೆದುಕೊಳ್ಳೋಣ. ಆರೋಗ್ಯ ಕೇಂದ್ರದ ಓ.ಆರ್.ಎಸ್. ಪೊಟ್ಟಣವೇ ಉತ್ತಮ, ಅದು ಸಿಗದಾಗ ಮನೆಯಲ್ಲಿ ಮಾಡುವ ಅಳತೆ ಹೀಗಿದೆ: ಒಂದು ಲೀಟರ್ ಶುದ್ಧ ನೀರು, ಟೀ ಚಮಚದಲ್ಲಿ ಸಮತಟ್ಟಾಗಿ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಹಾಗಾಗಿ ಇಲ್ಲಿ ಚಿತ್ರ ತಪ್ಪುವಂತಿಲ್ಲ.

1. ಒಂದು ಪಟಕ್ಕೆ ಒಂದೇ ಮಾತು. ಭೇದಿಗೆ ಕಾರಣ, ಕೈ ತೊಳೆಯುವುದು, ನೊಣ ಇವೆಲ್ಲಕ್ಕೂ ಬೇರೆ ಪಟ ಮಾಡಿರಿ.

2. ಬರೀ "ಚಮಚ" ಬರೆದರೆ ಸಾಲದು. ಸಾರಿನ ಸೌಟೋ ಟೀ ಚಮಚವೋ ತಿಳಿಯಬೇಕು. ಪಕ್ಕದಲ್ಲಿ ಟೀ ಲೋಟವನ್ನು ಬರೆಯಿರಿ. ಗೋಪುರದಂತೆ ತುಂಬಿದ ಚಮಚಕ್ಕೆ ಅಡ್ಡಗೆರೆ ಹೊಡೆದು, ಚಾಕುವಿನಿಂದ ಸವರಿ ಸಮಮಾಡಿದ ಚಮಚವನ್ನು ಪಕ್ಕದಲ್ಲಿ ತೋರಿಸಿರಿ.

3. "6" ಎಂದು ಬರೆದು ಬಿಡದೆ ಸಕ್ಕರೆಯ ಆರು ಚಮಚಗಳನ್ನೂ ಬರೆಯಿರಿ. ಉಪ್ಪಿಗೆ ಸಮಮಾಡಿದ ಚಮಚವನ್ನು ನಡುವೆ ಗೆರೆ ಎಳೆದು, ಒಂದು ಅರ್ಧವನ್ನು ಖಾಲಿ ಬಿಡಿರಿ.

4. ಹೆಜ್ಜೆಗಳು ಎಡದಿಂದ ಬಲಕ್ಕೆ ಸಾಗಲಿ. ಸುತ್ತಲೂ ಖಾಲಿ ಜಾಗ ಬಿಡಿರಿ. ಹೂಬಳ್ಳಿಯ ಅಂಚು, ಐದಾರು ಬಣ್ಣ ಬೇಡ. ಎರಡು ಮೂರು ಬಣ್ಣಗಳ ಅಚ್ಚುಕಟ್ಟೇ ಅಂದ.

5. ಹತ್ತು ಅಡಿ ದೂರದಿಂದ ಓದಬೇಕಾದ ಅಕ್ಷರ ಒಂದು ಅಂಗುಲ ಎತ್ತರವಿರಲಿ. ಕನ್ನಡದ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಂತೆ ಸಾಲುಗಳ ನಡುವೆ ಜಾಗ ಬಿಡಿರಿ. ಕನ್ನಡದ ಕೆಳಗೆ ತಮಿಳಿನಲ್ಲೂ ಬರೆದರೆ ಎಲ್ಲರಿಗೂ ಉಪಕಾರ.

ಕೊನೆಯ ಪರೀಕ್ಷೆ

ಪಟ ಮುಗಿದ ಮೇಲೆ ಓದು ಬಾರದ ಒಬ್ಬರ ಮುಂದೆ ಹಿಡಿಯಿರಿ. ವಿವರಿಸಬೇಡಿರಿ. "ಅಜ್ಜಿ, ಇದರಲ್ಲಿ ಏನು ಹೇಳಿದೆ?" ಎಂದಷ್ಟೇ ಕೇಳಿರಿ. ಸಾಧ್ಯವಾದರೆ ಆ ಪಟ ನೋಡಿ ನೀರು ಬೆರೆಸಲು ಹೇಳಿರಿ. ಅವರು ಬೇರೆ ಅರ್ಥ ಹೇಳಿದರೆ ನಗಬೇಡಿರಿ, ತಿದ್ದಬೇಕಾದದ್ದು ಚಿತ್ರವನ್ನು. ನೀರು ಕಣ್ಣೀರಿಗಿಂತ ಹೆಚ್ಚು ಉಪ್ಪಾಗಿರಬಾರದು ಎಂಬ ಮಾತಿಗೆ ನೀವು ಒಂದು ಹನಿ ಬರೆದಿರಬಹುದು. ಅಜ್ಜಿ ಅದನ್ನು ಮಳೆಹನಿ ಎಂದಾರು! ಚಿತ್ರಕ್ಕೆ ಒಗ್ಗದ ಇಂಥ ಮಾತನ್ನು ಬಾಯಲ್ಲೇ ಹೇಳಬೇಕು. ಮಗು ಮಂಕಾದರೆ, ಕಣ್ಣು ಗುಳಿಬಿದ್ದರೆ, ಕುಡಿಯಲಾರದಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕೆಂಬುದನ್ನೂ ಆಗಲೇ ತಿಳಿಸಿರಿ.

ವಿದ್ಯಾರ್ಥಿಗಳೇ, ನಿಮಗೆ ಓದು ಬರುತ್ತದೆ, ಕೈಗೆ ಕುಂಚ ಒಗ್ಗುತ್ತದೆ. ಮುಂದಿನ ರಜೆಯಲ್ಲಿ ಒಂದು ಪಟ ಬರೆದು, ಮನೆಯ ಹಿರಿಯರಿಂದ ಪರೀಕ್ಷೆ ಮಾಡಿಸಿ, ಅಡುಗೆಮನೆಯ ಗೋಡೆಗೆ ಅಂಟಿಸಿರಿ. ಔಷಧಿ ಡಬ್ಬದ ನಾಲ್ಕು ಬಣ್ಣಗಳ ಪಟವನ್ನು ಡಬ್ಬ ಇಡುವ ಕಡೆ ತೂಗುಹಾಕಿರಿ. ಕಲಿತ ವಿದ್ಯೆ ಮನೆಗೆ ಉಪಯೋಗವಾಗಲಿ.